ಕಾರಿನ ಡಬ್ಬಿ

ಫೋನಿನ ನಕ್ಷೆ ತೋರಿಸಿದ ಚಾರ್ಜಿಂಗ್ ಜಾಗದಲ್ಲಿ ಎಮ್ಮೆ ಕಟ್ಟಿದ್ದರು. ನನ್ನ ಎಲೆಕ್ಟ್ರಿಕ್ ಕಾರಿಗೆ ತಾಳ್ಯ ಹಳ್ಳಿಯಲ್ಲಿ ಕೊನೆಗೆ ಸಿಕ್ಕ ದೊಡ್ಡ ಪ್ಲಗ್ಗು ದಾದಾಪೀರ್ ಸಾಬರ ಹಿಟ್ಟಿನ ಗಿರಣಿಯದು. ಹೊಳಲ್ಕೆರೆಯ ತಂಗಿ ಮನೆ ತಲುಪಲು ಒಂದು ಗಂಟೆಯ ಚಾರ್ಜಾದರೂ ಬೇಕಿತ್ತು.

"ಹಾಕ್ಕಳ್ರಿ. ಆದ್ರೆ ಗಿರಣಿ, ಕಾರು ಒಟ್ಟಿಗೆ ಕರೆಂಟು ಎಳೆದ್ರೆ ಫ್ಯೂಸ್ ಹೋಗ್ತೈತೆ. ಪಾಳಿಗೆ ಬರ್ರಿ," ಎಂದರು ಸಾಬರು.

ಅಲ್ಲಿ ಪಾಳಿ ಹಿಡಿಯುವುದು ಜನರಲ್ಲ, ಡಬ್ಬಿಗಳು. ಕಾಳು ತುಂಬಿದ ಮೂರು ಡಬ್ಬಿಗಳನ್ನು ಸಾಲಾಗಿಟ್ಟು ಹೆಂಗಸರು ಕಟ್ಟೆಯ ಮೇಲೆ ಮಾತಾಡುತ್ತ ಕೂತಿದ್ದರು. ಸಾಬರು ಖಾಲಿ ಡಬ್ಬಿಯೊಂದನ್ನು ತಂದು ಸಾಲಿನ ಕೊನೆಗಿಟ್ಟರು. "ಇದು ನಿಮ್ಮ ಕಾರಿಂದು."

ಅದರ ಮುಂದಿನದು ಕುರಿ ಸಾಕುವ ಈರಕ್ಕನ ಡಬ್ಬಿ. "ಎಲ್ಲಿಗೆ ಹೊಂಟೀರಿ?" ಎಂದು ಕೇಳಿದಳು. ಹೇಳಿದೆ. ಎದ್ದು ಬಂದವಳೇ ತನ್ನ ರಾಗಿ ಡಬ್ಬಿಯನ್ನು ಹಿಂದಕ್ಕೆ ಎಳೆದು, ಕಾರಿನ ಡಬ್ಬಿಯನ್ನು ಮುಂದೆ ತಳ್ಳಿದಳು. "ತಂಗಿ ಕಾಯ್ತಿರ್ತಾಳೆ. ನನ್ನ ರಾಗಿ ಎಲ್ಲಿಗ್ ಓಡಿ ಹೋಗ್ತೈತೆ?"

ಉಳಿದಿಬ್ಬರ ಹಿಟ್ಟಾಯಿತು. ಆಮೇಲೆ ಒಂದು ಗಂಟೆ ಕಾರು ಕರೆಂಟು ಕುಡಿಯಿತು. ನಾನು ಪ್ಲಗ್ಗು ಕಿತ್ತೆ, ಸಾಬರು ಗಿರಣಿಯ ಸ್ವಿಚ್ಚು ಒತ್ತಿದರು. ಗಿರಣಿ ತಿರುಗಲಿಲ್ಲ. ಕರೆಂಟು ಹೋಗಿತ್ತು.

"ಇನ್ನು ನಾಳೇನೇ ಬರೋದು," ಎಂದರು ಸಾಬರು.

ಈರಕ್ಕ ಸಿಂಬಿ ಸುತ್ತಿ ಡಬ್ಬಿಯನ್ನು ತಲೆಗೇರಿಸಿಕೊಂಡಳು. "ಒಂದಿನ ಅನ್ನ ಉಂಡ್ರೆ ಏನೂ ಆಗಲ್ಲ. ಹುಷಾರಾಗಿ ಹೋಗ್ಬರ್ರಿ."

ಹೊಳಲ್ಕೆರೆಯಲ್ಲಿ ತಂಗಿ ತಟ್ಟೆಗೆ ಬಿಸಿ ಬಿಸಿ ಮುದ್ದೆ ಇಟ್ಟಳು.