ಎರಡಿಂಚು ಹೆಚ್ಚಾದ ರ‍್ಯಾಕು

ದರ್ಜಿ ಮಾಸ್ಟರ ಅಂಗಡಿಯಲ್ಲಿ ಹೊಸ ಗಿರಾಕಿಗಳು ಮೊದಲು ಕೇಳುವುದು ಕುರ್ಚಿಯ ವಿಷಯವನ್ನು. ಮಿಷನ್ನು, ಕತ್ತರಿಸುವ ಮೇಜು, ಬಟ್ಟೆಯ ರಾಶಿ ಇಷ್ಟಕ್ಕೇ ಉಸಿರುಗಟ್ಟುವ ಅಂಗಡಿಯಲ್ಲಿ ಮೆತ್ತೆ ಹಾಕಿದ ದೊಡ್ಡ ಆರಾಮಕುರ್ಚಿ ಏಕೆ ಬಂತು? ಮಾಸ್ಟರು ಕನ್ನಡಕವನ್ನು ಹಣೆಗೇರಿಸಿ, "ಅದು ನನ್ನ ದಡ್ಡತನದ ಬಹುಮಾನ, ಕೂತ್ಕೊಳ್ಳಿ" ಎಂದು ಶುರುಮಾಡುತ್ತಾರೆ. ಅರ್ಜೆಂಟಿನಲ್ಲಿ ಬಂದವರು ಈ ಪ್ರಶ್ನೆ ಕೇಳದಿರುವುದೇ ಒಳ್ಳೆಯದು.

ಮೂವತ್ತು ವರ್ಷ ಮಿಷನ್ನಿನ ಕಟಕಟ ಕೇಳಿದ ಕಿವಿ ಅವರದು. ಸಂಜೆಯಾದರೂ ಆ ಕಿವಿಗೆ ಒಂದಿಷ್ಟು ಸಂಗೀತ ಬೇಕೆಂಬುದು ಅವರ ಬಹಳ ದಿನದ ಆಸೆ. ಮನೆ ಖಾಲಿ ಮಾಡುತ್ತಿದ್ದ ಹಳೆಯ ಗಿರಾಕಿಯೊಬ್ಬರು ತಮ್ಮ ಸ್ಟೀರಿಯೋ ಸೆಟ್ಟನ್ನು ಅಗ್ಗಕ್ಕೆ ಕೊಟ್ಟಾಗ ಮಾಸ್ಟರಿಗೆ ಸ್ವರ್ಗ ಮೂರೇ ಗೇಣು. ಆಂಪ್ಲಿಫೈಯರು, ರೆಕಾರ್ಡ್ ಪ್ಲೇಯರು, ಕ್ಯಾಸೆಟ್ ಡೆಕ್ಕು, ಎರಡು ಸ್ಪೀಕರು, ಎಲ್ಲವೂ ಮನೆಗೆ ಬಂದು ಊಟದ ಮೇಜಿನ ಮೇಲೆ ಕೂತವು. "ಸದ್ಯಕ್ಕೆ ಇರ್ಲಿ" ಎಂದಿದ್ದರು ಮಾಸ್ಟರು. ಆ ಸದ್ಯಕ್ಕೆ ಒಂದೂವರೆ ವರ್ಷವಾಯಿತು.

ಮಾಸ್ಟರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಹಗಲೆಲ್ಲ ನಿಂತೇ ದುಡಿಯುವ ಕೆಲಸ. ಸಂಜೆ ಮನೆಗೆ ಬಂದು ಅಡುಗೆ ಮಾಡಿ, ಅಡುಗೆಮನೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಅವರ ಮುಂದೆಯೇ, ಬಾಗಿಲಿಗೆ ಬೆನ್ನು ಹಾಕಿಕೊಂಡು, ಆರಾಮಕುರ್ಚಿಯಲ್ಲಿ ಮಾಸ್ಟರು. ಕಣ್ಣು ಮುಚ್ಚಿ, ತಲೆದೂಗುತ್ತಾ, ತುತ್ತು ಬಾಯಿಗೆ ಹೋಯಿತೋ ಕಾಲರಿಗೆ ಹೋಯಿತೋ ಎಂಬ ಪರಿವೆಯಿಲ್ಲದೆ ಊಟ.

ಒಂದು ಸಂಜೆ ಸಾರು ಹೆಂಡತಿಯ ತೊಡೆಯ ಮೇಲೆ ಚೆಲ್ಲಿತು. ಅವರು ಕೂಗಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು, ಬಂದು ಹಾಡು ನಿಲ್ಲಿಸಿದರು.

"ರೀ, ಬರೋ ಭಾನುವಾರ ಅಕ್ಕ-ಭಾವ ಊಟಕ್ಕೆ ಬರ್ತಾರೆ. ಅಷ್ಟರೊಳಗೆ ಮೇಜು ಖಾಲಿ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಸೋಮವಾರ ಇದೆಲ್ಲ ಗುಜರಿಗೆ."

"ಒಂದು ರ‍್ಯಾಕ್ ಮಾಡ್ಬೇಕು ಅಂತಿದ್ದೆ ಕಣೇ."

"ಒಂದೂವರೆ ವರ್ಷದಿಂದ ಅಂತಾನೇ ಇದ್ದೀರಿ. ಭಾವನಿಗೆ ಫೋನ್ ಮಾಡ್ಲಾ?"

ಭಾವ ಎಂದರೆ ಮಾಸ್ಟರ ಷಡ್ಡಕ. ಕೈಪಳಗಿದ ಬಡಗಿ. ಅರ್ಧ ದಿನದಲ್ಲಿ ಮುಗಿಸಿಬಿಡುವವರು. ಆದರೆ ಅವರನ್ನು ಕರೆಯುವ ಬಾಯಿ ಮಾಸ್ಟರಿಗೆ ಉಳಿದಿರಲಿಲ್ಲ. ಹಿಂದೊಮ್ಮೆ ಷಡ್ಡಕರು ಉದ್ದವಾದ ಪ್ಯಾಂಟನ್ನು ಮಡಿಸಿ, ಸೂಜಿ ದಾರದ ಗೊಡವೆಯೇ ಬೇಡವೆಂದು ಸಣ್ಣ ಮೊಳೆ ಹೊಡೆದು ಹಾಕಿಕೊಂಡು ಬಂದಿದ್ದರು. ಮಾಸ್ಟರು ಅದನ್ನು ಬಂಧುಬಳಗಕ್ಕೆಲ್ಲ ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದರು. "ಯಾರ ಕೆಲಸ ಅವರೇ ಮಾಡ್ಬೇಕಣ್ಣ" ಎಂದು ಉಪದೇಶವನ್ನೂ ಕೊಟ್ಟಿದ್ದರು. ಈಗ ಯಾವ ಮುಖ ಹೊತ್ತು ಕರೆಯುವುದು?

"ಬೇಡ, ನಾನೇ ಮಾಡ್ತೀನಿ. ಅಳತೆ ತಿಳಿದವನಿಗೆ ಬಟ್ಟೆ ಏನು, ಹಲಗೆ ಏನು" ಎಂದರು ಮಾಸ್ಟರು. ಕೊರಳಲ್ಲಿ ಟೇಪು ನೇತಾಡುತ್ತಿರುವಾಗ ಮನುಷ್ಯನಿಗೆ ಇಂಥ ಧೈರ್ಯ ಬರುವುದುಂಟು.

ಲೆಕ್ಕ ಸುಲಭವಾಗಿತ್ತು. ನಾಲ್ಕು ಪ್ಲೈವುಡ್ ಹಲಗೆ, ಸ್ಕ್ರೂವಿನಂತೆ ಉದ್ದಕ್ಕೂ ತಿರುಪು ಇರುವ ನಾಲ್ಕು ಕಬ್ಬಿಣದ ಸರಳು, ಒಂದು ಪೊಟ್ಟಣ ನಟ್ಟು ಮತ್ತು ವಾಷರು. ಹಲಗೆಯ ಮೂಲೆಗಳಿಗೆ ತೂತು ಕೊರೆದು, ಸರಳು ತೂರಿಸಿ, ಮೇಲೊಂದು ಕೆಳಗೊಂದು ನಟ್ಟು ಬಿಗಿದರೆ ರ‍್ಯಾಕು ತಯಾರು. ನಾಲ್ಕು ಶರ್ಟು ಹೊಲಿದ ಕೂಲಿಯಲ್ಲಿ ಎಲ್ಲ ಮುಗಿಯಿತು. ಜಾಗವೂ ಗೊತ್ತಾಗಿತ್ತು: ಬೀರುವಿಗೂ ಗೋಡೆಗೂ ನಡುವಿನ ಸಂದು, ಸರಿಯಾಗಿ ಇಪ್ಪತ್ತೆರಡು ಇಂಚು. ಹಲಗೆ ಇಪ್ಪತ್ತೊಂದು ಇದ್ದರೆ ಸಲೀಸಾಗಿ ಕೂರುತ್ತದೆ. ಚೀಟಿಯಲ್ಲಿ ಇಪ್ಪತ್ತೊಂದು ಎಂದು ಬರೆದು ಮೂರು ಸಲ ಅಡಿಗೆರೆ ಎಳೆದರು.

ಪ್ಲೈವುಡ್ ಅಂಗಡಿಯಲ್ಲಿ ಹಲಗೆಯ ಮೇಲೆ ಗುರುತು ಹಾಕಿದ್ದೂ ಅವರೇ, ತಮ್ಮದೇ ಚಪ್ಪಟೆ ಸೀಮೆಸುಣ್ಣದಲ್ಲಿ. ಅಂಗಡಿಯವನು ಗುರುತು ಇದ್ದಲ್ಲಿ ಕೊಯ್ದುಕೊಟ್ಟ. ಮೂರು ಸಂಜೆ ಮಾಸ್ಟರು ಮನೆಯ ಮುಂದಿನ ಜಗಲಿಯಲ್ಲಿ ಕೂತು ಕೆಲಸ ಮಾಡಿದರು. ಎರವಲು ತಂದ ಡ್ರಿಲ್ಲಿನಿಂದ ತೂತು ಕೊರೆದರು. ಗುಂಡಿ ಹಾಕುವ ನಾಜೂಕಿನಲ್ಲಿ ಒಂದೊಂದೇ ನಟ್ಟು ಬಿಗಿದರು. ಸರಳು ನೆಟ್ಟಗಿದೆಯೇ ಎಂದು ನೋಡಲು ದಾರದ ರೀಲನ್ನೇ ತೂಗುಬಿಟ್ಟರು. ಶನಿವಾರ ರ‍್ಯಾಕು ಎದ್ದು ನಿಂತಾಗ ಅದರ ಮೇಲೆ ತಾವೇ ಹತ್ತಿ ಕೂರುವ ಆಸೆಯಾಯಿತು. ಹೆಂಡತಿ ನೋಡುತ್ತಿದ್ದರೆಂದು ಬಿಟ್ಟರು.

ಭಾನುವಾರ ಬೆಳಿಗ್ಗೆ ಅದನ್ನು ಸಂದಿಗೆ ತಳ್ಳಿದರು. ಹೋಗಲಿಲ್ಲ. ಓರೆ ಮಾಡಿ ತಳ್ಳಿದರು. ಬೀರು ನರಳಿತೇ ಹೊರತು ರ‍್ಯಾಕು ಹೋಗಲಿಲ್ಲ.

"ಗೋಡೆ ಸರಿ ಇಲ್ಲ ಕಣೇ, ಮೇಸ್ತ್ರಿ ಸೊಟ್ಟ ಕಟ್ಟಿದಾನೆ."

"ಹೂಂ, ಕುಣಿಯಲಾರದವಳಿಗೆ ನೆಲ ಡೊಂಕು" ಎಂದರು ಹೆಂಡತಿ ಒಳಗಿನಿಂದ.

ಮಾಸ್ಟರು ಸಂದು ಅಳೆದರು: ಇಪ್ಪತ್ತೆರಡು. ಹಲಗೆ ಅಳೆದರು: ಇಪ್ಪತ್ತಮೂರು. ಚೀಟಿ ತೆಗೆದರು: ಇಪ್ಪತ್ತೊಂದು. ಬಗ್ಗಿ ನೋಡಿದಾಗ ಹಲಗೆಯ ಎರಡೂ ತುದಿಗಳಲ್ಲಿ, ಅಂಚಿನಿಂದ ಒಂದಿಂಚು ಒಳಗೆ, ಸೀಮೆಸುಣ್ಣದ ಗೆರೆ ಕಂಡಿತು. ಅಸಲು ಅಳತೆ ಆ ಗೆರೆಗಳ ನಡುವಿನದು. ಅಂಗಡಿಯವನು ಕೊಯ್ದದ್ದು ಹೊರಗಿನ ಗೆರೆಯ ಮೇಲೆ, ಅದು ಅವರ ಕೈ ಅವರನ್ನು ಕೇಳದೆಯೇ ಎಳೆದದ್ದು. ಮೂವತ್ತು ವರ್ಷದಿಂದ ಪ್ರತಿ ಬಟ್ಟೆಗೂ ಬಿಟ್ಟಂತೆ ಪ್ಲೈವುಡ್ಡಿಗೂ ಹೊಲಿಗೆಗೆಂದು ಒಂದೊಂದು ಇಂಚು ಬಿಟ್ಟುಬಿಟ್ಟಿದ್ದರು. ಹುಟ್ಟು ಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮಾಸ್ಟರದು ಗರಗಸಕ್ಕೆ ಕೊಟ್ಟರೂ ಹೋಗಲಿಲ್ಲ.

ಗಂಟೆ ಹನ್ನೊಂದಾಗಿತ್ತು, ನೆಂಟರು ಒಂದಕ್ಕೆ ಬರುವವರು. ಆ ರ‍್ಯಾಕು ಹಿಡಿಸುವ ಜಾಗ ಮನೆಯಲ್ಲಿ ಇನ್ನೊಂದೇ ಇತ್ತು, ಆರಾಮಕುರ್ಚಿಯದು. ಗುಜರಿಯವನನ್ನು ನೆನೆದು ಮಾಸ್ಟರು ಕುರ್ಚಿಯನ್ನು ಜಗಲಿಗೆ ಎತ್ತಿಟ್ಟರು. ರ‍್ಯಾಕು ಅಲ್ಲಿ ನಿಂತಿತು, ಸೆಟ್ಟು ಅದರ ಮೇಲೇರಿತು, ಒಂದೂವರೆ ವರ್ಷದ ಮೇಲೆ ಊಟದ ಮೇಜು ಬೆಳಕು ಕಂಡಿತು.

ಷಡ್ಡಕರು ಬಂದವರೇ ಚಪ್ಪಲಿ ಬಿಟ್ಟು ನೇರ ರ‍್ಯಾಕಿನ ಬಳಿ ಹೋದರು. ಒಂದು ಸುತ್ತು ಹಾಕಿ, ಸುಣ್ಣದ ಗೆರೆಯ ಮೇಲೆ ಬೆರಳಾಡಿಸಿದರು.

"ಏನ್ ಮಾಸ್ಟ್ರೇ, ಇದು ಹೊಲಿಗೆಗೆ ಬಿಟ್ಟಿದ್ದಾ?"

ಸುಳ್ಳು ಹೇಳುವ ತ್ರಾಣ ಮಾಸ್ಟರಿಗೆ ಉಳಿದಿರಲಿಲ್ಲ. "ಹೌದಣ್ಣ. ನಾಳೆ ಆಂಪ್ಲಿಫೈಯರ್ ದಪ್ಪಗಾದ್ರೆ ಬಿಚ್ಚಿ ಅಗಲ ಮಾಡೋಣ ಅಂತ."

ಷಡ್ಡಕರು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸಂದಿನ ಕಥೆಯನ್ನೆಲ್ಲ ಕೇಳಿಕೊಂಡು, ರ‍್ಯಾಕನ್ನು ಹಿಡಿದು ಅಲುಗಾಡಿಸಿದರು. ಅಲುಗಲಿಲ್ಲ.

"ಗಟ್ಟಿಯಾಗಿದೆ. ಬರೋ ಭಾನುವಾರ ಗರಗಸ ತರ್ತೀನಿ. ಎರಡು ಕಡೆ ಒಂದೊಂದು ಇಂಚು ತೆಗೆದು ಬೇರೆ ತೂತು ಹಾಕಿದ್ರೆ ಸಂದಿಗೆ ಹೋಗತ್ತೆ. ನಿನ್ನ ಕುರ್ಚಿ ನಿನಗೆ. ಯಾರ ಕೆಲಸ..."

"ಅವರೇ ಮಾಡ್ಬೇಕು" ಎಂದು ಮಾಸ್ಟರೇ ಮುಗಿಸಿದರು.

ಆ ವಾರ ಮಾಸ್ಟರು ದಿನ ಎಣಿಸಿದರು. ಕುರ್ಚಿಯಿಲ್ಲದ ಮನೆಯಲ್ಲಿ ಹಾಡು ಕೇಳಬೇಕೆಂದರೆ ಊಟದ ಮೇಜಿನ ಮುಂದೆಯೇ ಕೂರಬೇಕು. ಮರದ ಗಟ್ಟಿ ಕುರ್ಚಿ, ಬೆನ್ನು ನೋವು. ಎದುರಿಗೆ ಹೆಂಡತಿ. ಕಣ್ಣು ಮುಚ್ಚಿದರೆ ಪಲ್ಯ ಬಡಿಸಲೇ ಎಂದು ಕೇಳುತ್ತಾರೆ, ಹಾಗಾಗಿ ತೆರೆದೇ ಇರಬೇಕು. ಹಾಡಿನ ನಡುವೆ ವಾರ್ಡಿನ ಸುದ್ದಿ, ಹಠಮಾರಿ ಮುದುಕನೊಬ್ಬ ಮಾತ್ರೆ ಉಗುಳಿದ ಕಥೆ. ಗುರುವಾರ ಆ ಮುದುಕ ಏನಾದ ಎಂದು ಮಾಸ್ಟರೇ ಕೇಳಿದರು. ಕೇಳಿದ ಮೇಲೆ ಹಾಡಿನ ಸದ್ದು ಒಂಚೂರು ತಗ್ಗಿಸಿದರು ಕೂಡ. ಆದರೂ ಮನಸ್ಸೆಲ್ಲ ಜಗಲಿಯ ಕುರ್ಚಿಯ ಮೇಲೆಯೇ.

ಭಾನುವಾರ ಷಡ್ಡಕರು ಗರಗಸದ ಜೊತೆ ಬಂದರು. ಮಾಸ್ಟರು ಹುರುಪಿನಿಂದ ನಟ್ಟು ಸಡಿಲಿಸಲು ಕೂತರು. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಭಾವ, ಗರಗಸ ಚೀಲಕ್ಕೆ ಹಾಕಿ. ಅದು ಹಾಗೇ ಇರ್ಲಿ."

"ಯಾಕೆ?" ಎಂದರು ಮಾಸ್ಟರು, ಸ್ಪ್ಯಾನರು ಕೈಯಲ್ಲೇ. "ಇದು ತಪ್ಪು ಅಳತೆ ಕಣೇ."

"ನಿಮ್ಮ ಲೆಕ್ಕಕ್ಕೆ ತಪ್ಪಿರ್ಬೋದು. ಒಂದೂವರೆ ವರ್ಷ ನಿಮ್ಮ ಬೆನ್ನು ನೋಡ್ಕೊಂಡು ಉಂಡಿದ್ದೀನಿ. ಈ ವಾರ ಮುಖ ನೋಡ್ಕೊಂಡು ಉಂಡೆ."

ಷಡ್ಡಕರು ಗರಗಸವನ್ನು ಚೀಲಕ್ಕೆ ಹಾಕಿದರು. ಮಾಸ್ಟರಿಗೆ ನಿಜವಾಗಿ ನಾಚಿಕೆಯಾಯಿತು. ಸಂದು ಅಳೆದಿದ್ದರು, ಸ್ಪೀಕರು ಅಳೆದಿದ್ದರು, ರ‍್ಯಾಕಿನ ಕಾಲು ಕೂಡ ದಾರ ಬಿಟ್ಟು ಅಳೆದಿದ್ದರು. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತವಳು ತಮ್ಮಿಂದ ಎಷ್ಟು ದೂರ ಇದ್ದಾಳೆ ಎಂದು ಒಂದು ದಿನವೂ ನೋಡಿರಲಿಲ್ಲ. ಸಡಿಲಿಸಿದ ನಟ್ಟನ್ನು ಮತ್ತೆ ಬಿಗಿದರು.

ಮರುದಿನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಅಂಗಡಿಗೆ ತಂದರು. ಗಿರಾಕಿಗಳು ಅದರಲ್ಲಿ ಕೂತು ಕಥೆ ಕೇಳುತ್ತಾರೆ. ಏಳು ಗಂಟೆ ಹೊಡೆದರೆ ಮಾತ್ರ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಮಾಸ್ಟರು ಬಾಗಿಲೆಳೆದು ಹೊರಡುತ್ತಾರೆ, ಮನೆಯಲ್ಲಿ ತಟ್ಟೆ ಹಾಕಿರುತ್ತದೆ.