ಮೀನಿನ ಕಿವಿಗಲ್ಲು, ನಾಗಿಯ ಹರಕೆ

ಭಾವಿಕೇರಿಯ ನಾಗಿ ಮೀನು ಬಿಟ್ಟು ಎರಡು ವರ್ಷವಾಗಿತ್ತು. ಗಂಡ ಹುಲಿಯಾ ಹೆಸರಿಗೆ ಹುಲಿ. ಮೀನು ಬೇಯುವಾಗ ಬೆಕ್ಕಿನ ಹಾಗೆ ಒಲೆಯ ಮುಂದೆ ಕೂರುವವನು. ಗದ್ದೆ ಕೆಲಸ ಮುಗಿಸಿ ಕೂಲಿಗೆಂದು ಕಡಲಿಗೆ ಹೋದ, ದೋಣಿ ಮಗುಚಿತು. ಜೊತೆಗಿದ್ದವರು ಈಜಿ ದಡ ಸೇರಿದರು. ಅವನು ಬರಲಿಲ್ಲ, ಹೆಣವೂ ಬರಲಿಲ್ಲ. ಹೆಣ ಕಾಣದೆ ಕರಿಮಣಿ ತೆಗೆಯುವವಳಲ್ಲ ನಾಗಿ. ಅವನು ಮನೆಗೆ ಬರುವ ತನಕ ಮೀನು ಮುಟ್ಟುವುದಿಲ್ಲ ಎಂದು ದೇವರಿಗೆ ಹೇಳಿಕೊಂಡಳು. ಮೀನಿಲ್ಲದೆ ತುತ್ತು ಇಳಿಯದ ಊರಿನಲ್ಲಿ ಇದೇನು ಸಣ್ಣ ಮಾತೇ? ಮಗಳು ಭವ್ಯಾ ಹಠ ಹಿಡಿದಾಗಲೆಲ್ಲ, ಅಪ್ಪ ಬಂದ ದಿನ ಬಂಗಡೆ ಸಾರು ಎಂದು ಸಮಾಧಾನ ಮಾಡುತ್ತಿದ್ದಳು.

ಈ ಬೇಸಿಗೆಯಲ್ಲಿ ಹಟ್ಟಿಕೇರಿಯ ಹೊಳೆಯ ಪಕ್ಕದ ದಿಬ್ಬ ಅಗೆಯುವಲ್ಲಿ ಕೆಲಸ ಸಿಕ್ಕಿತು. ಸಾವಿರ ವರ್ಷದ ಹಿಂದೆ ಅಲ್ಲಿ ಜನ ಒಲೆ ಹೂಡಿದ್ದರಂತೆ. ಮಣ್ಣನ್ನು ನೀರಿನಲ್ಲಿ ಜಾಲಿಸಿ, ಜರಡಿಯಲ್ಲಿ ಉಳಿದದ್ದನ್ನು ಆರಿಸುವುದು ನಾಗಿಯ ಪಾಲಿನದು. ಅಕ್ಕಿ ಆರಿಸಿದ ಕೈ. ಬೇಳೆಯಷ್ಟು ಸಣ್ಣ ಬಿಳಿ ಕಲ್ಲೂ ತಪ್ಪುತ್ತಿರಲಿಲ್ಲ. ಅವು ಚಿಪ್ಪಿನ ಚೂರೆಂದೇ ಅವಳ ಎಣಿಕೆ.

ಕಾರವಾರದಿಂದ ಸಂಶೋಧನೆಗೆ ಬಂದಿದ್ದ ನಿಶಾ ಒಂದು ಮಧ್ಯಾಹ್ನ ಅವಳ ಡಬ್ಬಿ ನೋಡಿ ಹಿಗ್ಗಿದಳು.

"ನಾಗಕ್ಕಾ, ಇವೆಲ್ಲ ಮೀನಿನ ಕಿವಿಯೊಳಗಿನ ಕಲ್ಲು."

ಕೊಯ್ದು ನೋಡಿದರೆ ಮರದ ಕಾಂಡದಲ್ಲಿರುವಂತೆ ಸುತ್ತುಗಳು ಕಾಣುತ್ತವೆ. ಮೀನಿಗೆ ಎಷ್ಟು ವಯಸ್ಸು, ಮಳೆಗಾಲದಲ್ಲಿ ಸತ್ತಿತೋ ಬೇಸಿಗೆಯಲ್ಲೋ, ಎಲ್ಲ ತಿಳಿಯುತ್ತದೆ ಎಂದು ವಿವರಿಸಿದಳು. ಪಾಪ, ಅವಳಿಗೇನು ಗೊತ್ತು? ನಾಗಿ ಎರಡೂ ಕೈಗಳನ್ನು ಸೀರೆಗೆ ಉಜ್ಜುತ್ತಲೇ ಇದ್ದಳು.

ಹರಕೆಯ ವಿಷಯ ಕೇಳಿ ನಿಶಾ ಪೆಚ್ಚಾದಳು. ಈಗ ಅದು ಬರೀ ಕಲ್ಲು, ದೋಷವಿಲ್ಲ ಎಂದಳು.

"ಮೀನು ಮೀನೇ ಅಲ್ದಾ, ಅಕ್ಕೋರೆ. ಅಷ್ಟು ಹಳೇ ಮೀನು ಯಾವಾಗ ಸತ್ತದ್ದು ಹೇಳಿ ನಿಮ್ಗೆ ಗೊತ್ತಾಗ್ತದೆ. ನಮ್ಮನೆಯವ್ರು ಯಾವಾಗ ಸತ್ರು ಹೇಳಿ ನಂಗೆ ಯಾರು ಹೇಳ್ತಾರೆ?"

ಸತ್ತರು ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಆಡಿದ ಮೇಲೆಯೇ ಅವಳಿಗೂ ಕೇಳಿಸಿತು. ಜರಡಿಯ ಪಕ್ಕದಲ್ಲೇ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಹರಕೆ ಹಿಡಿದಾಗ ಅವನು ಬರಲಿಲ್ಲ. ತಿಳಿಯದೆ ಆ ಕಲ್ಲು ಮುಟ್ಟಿ ಮುರಿದಾಗ ಕಡಲು ಮುನಿಯಲೂ ಇಲ್ಲ. ಇನ್ನು ಬೆಳೆಯುವ ಹುಡುಗಿಯ ಬಾಯಿ ಯಾಕೆ ಕಟ್ಟಬೇಕು? ಸಂಜೆ ಅಂಕೋಲೆಯ ಪೇಟೆಯಿಂದ ಬಂಗಡೆ ತಂದಳು. ಹಸನು ಮಾಡಿ, ಕಾಯಿ ಅರೆದು, ಒಲೆಯ ಮೇಲಿಟ್ಟಳು. ಬಡಿಸುವ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು.

ಅಷ್ಟರಲ್ಲಿ ಸಾರಿನ ಪರಿಮಳ ಓಣಿಗೆ ಮುಟ್ಟಿತ್ತು. ಭವ್ಯಾ ಆಟ ಬಿಟ್ಟು ಓಡಿ ಬಂದಳು. ಒಲೆಯ ಮುಂದೆ ನೋಡಿದಳು, ಜಗಲಿಯಲ್ಲಿ ನೋಡಿದಳು, ಹಿತ್ತಲಿಗೂ ಹೋಗಿ ಬಂದಳು. ಮುಖ ಇಷ್ಟಗಲ ಅರಳಿತ್ತು.

"ಅವ್ವಾ, ಅಪ್ಪ ಎಲ್ಲಿ?"