ನಾನಲ್ಲ, ರೇಣುಕಾಳನ್ನು ಕೇಳಿ

ರೇಣುಕಾ, ನೀನು ಬಸುರಿ ಎಂದು ಮೇಡಂಗೆ ಹೇಳಿದವಳು ನಾನೇ. ಆಗ ನನ್ನ ಹೊಟ್ಟೆಯಲ್ಲೂ ಮಗುವಿತ್ತು — ಅದನ್ನು ಮಾತ್ರ ಹೇಳಲಿಲ್ಲ.

ಬಾಯಿ ತಪ್ಪಿ ಬಂದ ಮಾತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಯೋಚಿಸಿಯೇ ಹೇಳಿದ್ದೆ.

ಸಾಂತಾಕ್ರೂಜ್‌ನ ಆ ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡಲು ಏಜೆನ್ಸಿ ನಮ್ಮಿಬ್ಬರನ್ನೂ ಒಂದೇ ಮಹಡಿಗೆ ಹಾಕಿತ್ತು. ನಾನು ಮಲಾಡ್‌ನ ಚಾಳಿನಲ್ಲಿ ಹುಟ್ಟಿ ಬೆಳೆದವಳು. ನೀನು ಇಂಡಿ ಕಡೆಯಿಂದ ಗಂಡನ ಹಿಂದೆ ಬಂದವಳು. ಕನ್ನಡದವಳು ಸಿಕ್ಕಳೆಂದು ನನಗೆ ಅಂಟಿಕೊಂಡೆ. ನಿಜ ಹೇಳಲೇ — ನೀನು ನನಗೆ ಇಷ್ಟವಿರಲಿಲ್ಲ. ನೀನು ಹಾಸಿದ ಹಾಸಿಗೆಯನ್ನು ನಮ್ಮ ಉಸ್ತುವಾರಿ ಮೇಡಂ ಉಳಿದವರನ್ನು ಕರೆದು ತೋರಿಸುವಾಗ ನನಗೆ ಮೈ ಉರಿಯುತ್ತಿತ್ತು. ಊಟದ ಹೊತ್ತಿಗೆ ನಿನ್ನ ಶೇಂಗಾ ಚಟ್ನಿಯನ್ನೇ ತಿನ್ನುತ್ತ ನಿನ್ನ ತಪ್ಪು ಹುಡುಕುತ್ತಿದ್ದೆ.

ನಮ್ಮಿಬ್ಬರಲ್ಲಿ ಒಬ್ಬಳನ್ನು ಖಾಯಂ ಮಾಡುತ್ತಾರೆಂಬ ಸುದ್ದಿ ಬಂತು. ಖಾಯಂ ಆದವಳಿಗೆ ಹೆರಿಗೆ ರಜೆ, ರಜೆಯಲ್ಲೂ ಪಗಾರ. ಏಜೆನ್ಸಿಯವಳು ಬಸುರಿ ಎಂದು ಗೊತ್ತಾದರೆ ಅವಳ ಜಾಗಕ್ಕೆ ಬೇರೆಯವಳು ಬರುತ್ತಿದ್ದಳು, ಅಷ್ಟೇ. ಆ ದಿನಗಳಲ್ಲೇ ನೀನು ಚಾದರಗಳ ಕಪಾಟಿನ ಹಿಂದೆ ನನ್ನನ್ನು ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದೆ:

"ಅಕ್ಕಾ, ನಾ ಬಸುರಾಗೇನಿ. ಪರ್ಮನೆಂಟ್ ಆಗೂತನಾ ಯಾರ ಮುಂದೂ ಅನಬ್ಯಾಡ."

ನಾನೂ ಅದನ್ನೇ ಲೆಕ್ಕ ಹಾಕಿಕೊಂಡಿದ್ದೆ — ಕೆಲಸ ಗಟ್ಟಿಯಾಗಲಿ, ಆಮೇಲೆ ಬಾಯಿ ಬಿಡೋಣ ಎಂದು. ನನಗೂ ಹಾಗೇ ಆಗಿದೆ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬೆನ್ನು ನೋವು ಎಂದಷ್ಟೇ ಹೇಳಿದೆ. ಅಂದಿನಿಂದ ಗಾದಿ ಎತ್ತುವ ಕೆಲಸ ನನಗೆ ಬಿಡಲಿಲ್ಲ ನೀನು.

ಮೇಡಂ ಒಂದು ಮಧ್ಯಾಹ್ನ ನನ್ನನ್ನು ಕ್ಯಾಬಿನ್‌ಗೆ ಕರೆದರು. ಕೂರು ಅನ್ನಲಿಲ್ಲ. ಖಾಯಂ ಆದ ಮೇಲೆ ಹೊಟ್ಟೆ ಮುಂದೆ ಮಾಡಿಕೊಂಡು ಬಂದು ನಿಲ್ಲುವ ಹೆಂಗಸರ ಮೇಲೆ ಸಿಟ್ಟು ಕಾರಿದರು — ಅವರೂ ಎರಡು ಹೆತ್ತವರೇ. ನನ್ನದೂ ಅಂಥದ್ದೇನಾದರೂ ಇದೆಯಾ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದಿದ್ದರೆ ಸಾಕಿತ್ತು. ಅಷ್ಟು ಸುಳ್ಳು ಯಾರಾದರೂ ಹೇಳುತ್ತಾರೆ. ಆದರೆ ನಾನು —

"ಮೈ ನಹೀಂ, ಮೇಡಂ. ರೇಣುಕಾ ಕೋ ಪೂಛಿಯೇ."

ಮೇಡಂ ತಲೆಯೆತ್ತಿ ನನ್ನನ್ನು ನೋಡಿದರು. ಥ್ಯಾಂಕ್ಯೂ ಎಂದರು. ಅವರು ನನಗೆ ಥ್ಯಾಂಕ್ಯೂ ಎಂದದ್ದು ಅದೊಂದೇ ಸಲ.

ನಿನ್ನನ್ನು ಏಜೆನ್ಸಿಗೆ ವಾಪಸ್ ಕಳಿಸಿದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ನೀನು ಯೂನಿಫಾರ್ಮ್ ಮಡಚುತ್ತಿದ್ದೆ. ಯಾರು ಹೇಳಿರಬಹುದು ಎಂದು ನನ್ನನ್ನೇ ಕೇಳಿದೆ. ನಿನ್ನ ಮುಖ ನೋಡಿ ಅವರಿಗೇ ಅನುಮಾನ ಬಂದಿರಬೇಕು ಎಂದೆ. ನೀನು ನಂಬಿದೆ. ಹೊರಡುವಾಗ ನನ್ನ ಕೈ ಹಿಡಿದು ದನಿ ತಗ್ಗಿಸಿದೆ:

"ನಿಂದೂ ನನಗ ಗೊತ್ತೈತಿ, ಅಕ್ಕಾ. ಗಾದಿ ಎತ್ತಬ್ಯಾಡ. ಪರ್ಮನೆಂಟ್ ಆಗೂತನಾ ಬಾಯಿ ಬಿಡಬ್ಯಾಡ."

ಆ ಕ್ಷಣ ನಿನ್ನನ್ನು ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ. ನಿನಗೆ ಗೊತ್ತಿತ್ತು — ಗೊತ್ತಿದ್ದೂ ಯಾರಿಗೂ ಹೇಳಿರಲಿಲ್ಲ. ನಾನು ಕೈ ಕೊಡವಿಕೊಂಡು ಲಿಫ್ಟ್‌ನ ಕಡೆ ನಡೆದೆ.

ನಿನ್ನ ಮಾತಿನಂತೆಯೇ ಮಾಡಿದೆ ನೋಡು. ಖಾಯಂ ಆಗಿ, ಯೂನಿಫಾರ್ಮ್ ಬಿಗಿಯಾದ ಮೇಲೆ ಹೇಳಿದೆ. ಮೇಡಂ ನನ್ನನ್ನು ಮೋಸಗಾತಿ ಎಂದರು. ನೀರು ಸೋರುವ ಕೋಣೆಗಳನ್ನೇ ಹುಡುಕಿ ನನಗೆ ಹಾಕಿದರು. ತೆಗೆಯಲು ಮಾತ್ರ ಆಗಲಿಲ್ಲ. ರಜೆ ಸಿಕ್ಕಿತು. ಮಗಳನ್ನು ಎದೆಗಿಟ್ಟುಕೊಂಡು ಮನೆಯಲ್ಲಿ ಕೂತೆ. ನೀನು ಎಲ್ಲಿದ್ದೀ ಎಂದು ಯಾರನ್ನೂ ಕೇಳಲಿಲ್ಲ.

ಈಗ ಮಗಳು ನನ್ನ ಭುಜದವರೆಗೆ ಬೆಳೆದಿದ್ದಾಳೆ. ಹೋದ ತಿಂಗಳು ಏಜೆನ್ಸಿಯ ಹಳೆಯವಳೊಬ್ಬಳು ನೀನು ಕಾಂದಿವಲಿಯಲ್ಲಿದ್ದೀ ಎಂದಳು. ಭಾನುವಾರ ಬಂದೆ. ನೀನು ಬಾಗಿಲಲ್ಲೇ ನಿಂತೆ. ನಾನು ಎಲ್ಲವನ್ನೂ ಹೇಳಿದೆ — ಕ್ಯಾಬಿನ್, ನನ್ನ ಮಾತು, ಆಮೇಲಿನ ಸುಳ್ಳು. ನೀನು ಅಳಲಿಲ್ಲ, ಬೈಯಲೂ ಇಲ್ಲ. ಮುಖ ಮಾತ್ರ ಕಲ್ಲಾಗುತ್ತ ಹೋಯಿತು. ಆ ಕೆಲಸ ಹೋದ ಮೇಲೆ ನೀನು ಕಟ್ಟಡದ ಕೆಲಸಕ್ಕೆ ಹೋದದ್ದು, ಹೆತ್ತು ಬಾಣಂತನ ಮುಗಿಯುವ ಮೊದಲೇ ಕೂಸನ್ನು ಊರಲ್ಲಿ ತಾಯಿಯ ಹತ್ತಿರ ಬಿಟ್ಟು ಬಂದದ್ದು, ಎಲ್ಲವನ್ನೂ ಬೇರೆ ಯಾರದೋ ಕಥೆಯಂತೆ ಹೇಳಿದೆ.

"ನಮ್ಮವ್ವಗ ಅವ್ವಾ ಅಂತಾನ್ರೀ ಅಂವ. ನನಗ ಹೆಸರ ಹಿಡದ ಕರೀತಾನ," ಎಂದೆ. "ನಿಮ್ಮ ಮಗಳು ನಿಮಗ ಏನಂತಾಳ?"

ನೀನು ನನಗೆ 'ರೀ' ಹಚ್ಚಿ ಮಾತಾಡಿದ್ದು ಅದೇ ಮೊದಲು.

"ಮಮ್ಮಿ," ಎಂದೆ ನಾನು.

"ಆತು. ಹೋಗ್ರಿ."

ನೀನು ಬಾಗಿಲು ಹಾಕಿಕೊಂಡೆ. ನಾನು ಕ್ಷಮೆ ಕೇಳಿರಲಿಲ್ಲ — ಕೇಳುವುದೂ ಇಲ್ಲ. ಮತ್ತೆ ನಿನ್ನ ಬಾಗಿಲಿಗೆ ಬರುವುದಿಲ್ಲ. ಮಗಳಿಗೆ ಇನ್ನೂ ಹೇಳಿಲ್ಲ. ಇವತ್ತು ಅವಳು ಶಾಲೆಯಿಂದ ಬಂದ ಮೇಲೆ ಕೂರಿಸಿಕೊಂಡು ಹೇಳುತ್ತೇನೆ, ನಿನ್ನ ಹೆಸರು ಹಿಡಿದು. ಆಮೇಲೆ ಅವಳು ನನ್ನನ್ನು ಏನೆಂದು ಕರೆದರೂ ಓಗೊಡುತ್ತೇನೆ.